ನೈವೇಲಿ ಲಿಗ್ನೈಟ್ ಸ್ಲೈಡ್‌ಗಳ ಪಟ್ಟಿ: ಹೆಸರಿನ ಕಾಲಂ ಕೊನೆಗೆ ತುಂಬಿ

ತಮಿಳುನಾಡಿನ ನೈವೇಲಿಯ ಲಿಗ್ನೈಟ್‌ನಲ್ಲಿ (ಕಂದು ಕಲ್ಲಿದ್ದಲು) ಸಿಕ್ಕ ಪಳೆಯುಳಿಕೆ ಶಿಲೀಂಧ್ರಗಳ ಸ್ಲೈಡ್‌ಗಳನ್ನು ಪಟ್ಟಿ ಮಾಡಿ ನೀವು ಗುಂಪಿನಲ್ಲಿ ಹಾಕಿದ ಎಕ್ಸೆಲ್ ಶೀಟ್ ಪೂರ್ತಿ ನೋಡಿದೆ. ಫೋಟೋಗಳು ಚೆನ್ನಾಗಿವೆ. ಆದರೆ ಎರಡು ಕೋಶದ ಕಂದು ಸ್ಪೋರ್ (ಬೀಜಕಣ) ಕಂಡಲ್ಲೆಲ್ಲ ‘ಪಕ್ಸಿನಿಯ’ (ತುಕ್ಕು ರೋಗದ ಶಿಲೀಂಧ್ರ) ಎಂದು ಬರೆದಿದ್ದೀರಿ. ಶುರುವಿನಲ್ಲಿ ನಾನೂ ಹೀಗೇ ಬರೆದು, ಆಮೇಲೆ ಇಡೀ ರಿಜಿಸ್ಟರ್ ಮತ್ತೆ ಬರೆಯಬೇಕಾಯಿತು. ನಿಮ್ಮದು ಇನ್ನೂ ಮೊದಲ ಟ್ರೇ, ಈಗಲೇ ನಿಲ್ಲಿಸಿ.

ಜೋಳದ ತುಕ್ಕು ರೋಗವನ್ನು ಪಕ್ಸಿನಿಯ ಎನ್ನಲು ನಮ್ಮ ಕೈಯಲ್ಲಿ ಎಲೆ ಇರುತ್ತದೆ, ಗಿಡ ಇರುತ್ತದೆ, ಸ್ಪೋರ್‌ಗೆ ತೊಟ್ಟೂ ಇರುತ್ತದೆ. ಲಿಗ್ನೈಟ್‌ನಲ್ಲಿ ಸಿಗುವುದು ಬಿಡಿ ಸ್ಪೋರ್ ಮಾತ್ರ. ಒಂದಕ್ಕೊಂದು ನೆಂಟಸ್ತಿಕೆಯೇ ಇಲ್ಲದ ಎಷ್ಟೋ ಶಿಲೀಂಧ್ರಗಳು ಎರಡು ಕೋಶದ ಸ್ಪೋರ್ ಬಿಡುತ್ತವೆ, ಅಲ್ವಾ? ಅದಕ್ಕೇ ಶಿಲೀಂಧ್ರಗಳನ್ನು ಸ್ಪೋರ್ ನೋಡಿ ವಿಂಗಡಿಸಿದ ಸಕಾರ್ಡೊನ ಹಳೇ ದಾರಿಯೇ ಇಲ್ಲಿ ಗಟ್ಟಿ: ಕೋಶ ಎಷ್ಟು, ಅಡ್ಡಗೋಡೆ ಹೇಗಿದೆ. ಅದರ ಜೊತೆಗೆ ರಂಧ್ರ ಎಷ್ಟು, ಎಲ್ಲಿ ಎಂದೂ ನೋಡಿ. ರಂಧ್ರವಿಲ್ಲದ ಎರಡು ಕೋಶ ಡೈಸೆಲ್ಲೇಸ್ಪೊರೈಟಿಸ್. ಎರಡೂ ತುದಿಗೆ ರಂಧ್ರ ಇದ್ದರೆ ಡಯಾಡೊಸ್ಪೊರೈಟಿಸ್. ಉದ್ದಕ್ಕೆ ಗೀರುಗಳಿದ್ದರೆ ಫ್ಯೂಸಿಫಾರ್ಮಿಸ್ಪೊರೈಟಿಸ್. ಇವು ಆಕಾರಕ್ಕೆ ಕೊಟ್ಟ ಹೆಸರುಗಳು, ವಂಶ ಹೇಳುವುದಿಲ್ಲ. ಕಲ್ಗುಟ್ಕರ್ ಮತ್ತು ಯಾನ್ಸೋನಿಯಸ್ 2000ದಲ್ಲಿ ತಂದ ಪಳೆಯುಳಿಕೆ ಶಿಲೀಂಧ್ರಗಳ ಸಂಗ್ರಹ ಪುಸ್ತಕವನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ನೆಟ್ಟಿನಲ್ಲಿ ಚಿತ್ರ ಹೋಲಿಸಿ ಹೆಸರಿಡುವ ಚಾಳಿ ಬಿಡಿ.

ನಿಮ್ಮ 3ನೇ ಫೋಟೋ ನೋಡಿ. ಸ್ಪೋರ್‌ನ ಬಲ ತುದಿಯಲ್ಲಿ ಗೋಡೆ ಸ್ವಲ್ಪ ದಪ್ಪಗಾಗಿ, ನಡುವೆ ಒಂದು ತಿಳಿ ಚುಕ್ಕೆ ಇದೆ. ಅದು ರಂಧ್ರ ಇರಬಹುದು, ಮುರಿದ ಜಾಗವೂ ಇರಬಹುದು. ರಂಧ್ರದ ಅಂಚು ನಯವಾಗಿರುತ್ತದೆ, ಮುರಿದದ್ದು ಚೂರುಚೂರು. ಒಂದೇ ಫೋಕಸ್‌ನ ಫೋಟೋದಲ್ಲಿ ಇದು ತಿಳಿಯುವುದಿಲ್ಲ. ಮೇಲೆ, ಮಧ್ಯ, ಕೆಳಗೆ ಮೂರು ತೆಗೆಯಿರಿ.

ಈಗ ಮುಖ್ಯ ವಿಷಯ. ಶೀಟ್‌ನಲ್ಲಿ ಫೋಟೋ ನಂಬರ್ ಇದೆ, ಸ್ಲೈಡ್ ಮೇಲೆ ಸ್ಪೋರ್ ಎಲ್ಲಿದೆ ಅನ್ನೋದೇ ಇಲ್ಲ! ನಾಳೆ ಯಾರಾದರೂ ಕೇಳಿದರೆ 22 ಮಿ.ಮೀ. ಕವರ್‌ಸ್ಲಿಪ್ ಅಡಿ 20 ಮೈಕ್ರಾನ್ ಸ್ಪೋರ್ ಹುಡುಕುತ್ತಾ ಕೂರಬೇಕು. ಮೆಕ್ಯಾನಿಕಲ್ ಸ್ಟೇಜ್‌ನ (ಸ್ಲೈಡ್ ಸರಿಸುವ ತಟ್ಟೆ) ವರ್ನಿಯರ್ ಅಳತೆ ಓದಿ ಬರೆದರೆ ಆ ಮೈಕ್ರೋಸ್ಕೋಪ್ ಇರುವ ತನಕ ಮಾತ್ರ ಉಪಯೋಗ, ಬೇರೆ ಮೈಕ್ರೋಸ್ಕೋಪ್‌ನಲ್ಲಿ ಆ ಅಂಕಿ ಸುಮ್ನೆ. ಇಂಗ್ಲೆಂಡ್ ಫೈಂಡರ್ (ನಂಬರ್ ಹಾಕಿದ ಚೌಕಗಳಿರುವ ಗಾಜಿನ ಸ್ಲೈಡ್) ಒಂದು ಕೊಳ್ಳಿ. ದುಬಾರಿ, ನಿಜ. ಒಬ್ಬರಿಂದ ಆಗದಿದ್ದರೆ ಗುಂಪಿನಲ್ಲಿ ನಾಲ್ಕು ಜನ ಸೇರಿ ಕೊಳ್ಳಿ. ಸ್ಲೈಡ್‌ನ ಲೇಬಲ್ ಯಾವಾಗಲೂ ಒಂದೇ ಕಡೆ ಬರಲಿ, ಇಲ್ಲದಿದ್ದರೆ ಫೈಂಡರ್ ಇದ್ದೂ ಇಲ್ಲದ ಹಾಗೆ. ಮೈಕ್ರೋಸ್ಕೋಪ್ ಬದಲಿಸಲು ಹೋಗಬೇಡಿ, ನನಗೆ ಮ್ಯಾಗ್ನಸ್ ಕಂಪನಿಯದೇ ಧಾರಾಳವಾಗಿ ಸಾಕಾಗಿದೆ. ಆ ದುಡ್ಡು ಫೈಂಡರ್‌ಗೂ ಸ್ಟೇಜ್ ಮೈಕ್ರೋಮೀಟರ್‌ಗೂ (ಅಳತೆ ಗೀರಿರುವ ಸ್ಲೈಡ್) ಹಾಕಿ.

ಗ್ಲಿಸರಿನ್ ಜೆಲ್ಲಿಯಲ್ಲಿ ಕೂರಿಸಿದ್ದರೆ ಅಂಚು ಸೀಲ್ ಮಾಡಿ. ಇಲ್ಲದಿದ್ದರೆ ಒಣಗಿ ಸ್ಪೋರ್ ಜಾಗ ಬಿಡುತ್ತದೆ, ಬರೆದ ಅಂಕಿಯೂ ಹೋಯಿತು. ವರ್ಷಗಟ್ಟಲೆ ಇಡುವ ಸ್ಲೈಡ್‌ಗೆ ನಾನು ಪಾಲಿವಿನೈಲ್ ಆಲ್ಕೋಹಾಲ್ ಮೇಲೆ ಕೆನಡಾ ಬಾಲ್ಸಮ್ (ಮರದ ಅಂಟು) ಮಾತ್ರ ನಂಬುತ್ತೇನೆ.

ನೈಟ್ರಿಕ್ ಆಸಿಡ್‌ನಲ್ಲಿ ರಾತ್ರಿಯಿಡೀ ಬಿಟ್ಟಿದ್ದೀರಿ ಎಂದು ಓದಿ ಬೇಜಾರಾಯಿತು. ಪರಾಗಕ್ಕೆ ಅದು ಸರಿ ಹೋಗಬಹುದು. ಶಿಲೀಂಧ್ರದ ಕಂದು ಬಣ್ಣ ಬಿಳಿಚಿಕೊಂಡು ಅಡ್ಡಗೋಡೆಯೇ ಕಾಣದಂತಾಗುತ್ತದೆ. ಮಾದರಿಯ ಒಂದು ಪಾಲನ್ನು ಬರೀ ಕೆಒಎಚ್‌ನಲ್ಲಿ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಮಾಡಿ ಬೇರೆ ಇಡಿ. ಯಾರೋ ಕೆಳಗೆ ಕಾಮೆಂಟ್‌ನಲ್ಲಿ ಎಚ್‌ಎಫ್ (ಹೈಡ್ರೋಫ್ಲೋರಿಕ್ ಆಸಿಡ್) ಹಾಕಿ ಎಂದಿದ್ದಾರೆ. ಮನೆಯಲ್ಲಿ ಅದನ್ನು ಮುಟ್ಟಲೇಬೇಡಿ. ಫ್ಯೂಮ್ ಹುಡ್, ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್, ಕಲಿಸುವವರು, ಮೂರೂ ಇರುವ ಲ್ಯಾಬ್ ಬಿಟ್ಟು ಬೇರೆಲ್ಲೂ ಬೇಡ. ಬಣ್ಣವಿಲ್ಲದ, ಸಾಫ್ರನಿನ್ (ಕೆಂಪು ಬಣ್ಣದ್ರವ್ಯ) ಜಾಸ್ತಿ ಹೀರುವ ಹೈಫೆ (ಶಿಲೀಂಧ್ರದ ಎಳೆ) ಕಂಡರೆ ಈಗಿನ ಬೂಷ್ಟು ಎಂದು ಮೊದಲು ಅನುಮಾನಪಡಿ. ಲಿಗ್ನೈಟ್ ಉಂಡೆಯ ಹೊರಮೈ ಕೆರೆದು ಒಳಗಿನದನ್ನೇ ಬಳಸಿ.

ಎಲೆಯ ಕ್ಯೂಟಿಕಲ್ (ಹೊರ ಪೊರೆ) ಮೇಲಿನ ಚಪ್ಪಟೆ ದುಂಡನೆಯವು ಮೈಕ್ರೋಥೈರಿಯೇಸಿ ಎಂಬ ಶಿಲೀಂಧ್ರ ಕುಟುಂಬದ ಕಡೆಯವು. ಅವನ್ನು ಬಿಸಾಡಬೇಡಿ, ಹಿಂದೆ ಅಲ್ಲಿ ತೇವದ ಹವೆ ಇತ್ತು ಎನ್ನಲು ಅವು ಬೇಕು. ನಡುವೆ ಬಾಯಿ ಇಲ್ಲದೆ ಕೋಶಕೋಶಕ್ಕೂ ರಂಧ್ರ ಇದ್ದರೆ ಕ್ಯಾಲಿಮೊಥಾಲಸ್, ಆ ರಂಧ್ರಗಳೂ ಇಲ್ಲದಿದ್ದರೆ ಫ್ರಾಗ್ಮೊಥೈರೈಟಿಸ್.

‘ಹೊಸ ಜಾತಿ’ ಎಂದು ಬರೆದಿರುವ ಸಾಲು ಅಳಿಸಿ. 2013ರ ಜನವರಿ 1ರಿಂದ ಪಳೆಯುಳಿಕೆ ಶಿಲೀಂಧ್ರಕ್ಕೂ ಮೈಕೋಬ್ಯಾಂಕ್, ಇಂಡೆಕ್ಸ್ ಫಂಗೋರಂ ತರಹದ ಕಡೆ ನೋಂದಣಿ ಸಂಖ್ಯೆ ಇಲ್ಲದೆ ಹೆಸರು ಸಿಂಧುವಲ್ಲ. ಸದ್ಯಕ್ಕೆ ‘ಎರಡು ಕೋಶ, ಮಾದರಿ-1’ ಎಂದಿರಲಿ. ಆ 3ನೇ ಸ್ಪೋರ್‌ನ ಬಲ ತುದಿಯನ್ನು 100ಎಕ್ಸ್ ಎಣ್ಣೆ ಲೆನ್ಸ್‌ನಲ್ಲಿ ತೆಗೆದು ಇಲ್ಲೇ ಹಾಕಿ, ಡಯಾಡೊಸ್ಪೊರೈಟಿಸ್ ಹೌದೋ ಅಲ್ಲವೋ ನೋಡೋಣ.