ಅಪ್ಪನ ಪೈಪಿನಲ್ಲಿ ಕಟ್ಟುವ ಸುಣ್ಣ ಬೋರ್‌ವೆಲ್ ನೀರಿನದಲ್ಲ

ಪ್ರಶ್ನೆ: ನಮ್ಮ ತಂದೆಗೆ 72 ವರ್ಷ. ಲಕ್ವ ಹೊಡೆದ ಮೇಲೆ ಎಂಟು ತಿಂಗಳಿಂದ ಮೂತ್ರಕ್ಕೆ ಪೈಪ್ ಹಾಕಿದ್ದಾರೆ. ಅದು ಹತ್ತು ದಿನಕ್ಕೇ ಕಟ್ಟಿಕೊಳ್ಳುತ್ತೆ. ತೆಗೆದ ಪೈಪಿನ ತುದಿಯಲ್ಲಿ ಸುಣ್ಣದಂಥ ಬಿಳಿ ಪದರ, ಮೂತ್ರವೂ ತುಂಬಾ ನಾತ. ನಮ್ಮೂರಿನ ಬೋರ್‌ವೆಲ್ ನೀರು ಗಡಸು, ಅದೇ ಕಾರಣವಾ? ಕ್ಯಾಲ್ಸಿಯಂ ಅಂತ ಹಾಲು, ರಾಗಿ ನಿಲ್ಲಿಸಿದ್ದೇವೆ. ಬಾಳೆದಿಂಡಿನ ರಸ ಕೊಡ್ತಿದ್ದೇವೆ.
– ಓದುಗರು, ಕೋಲಾರ ಜಿಲ್ಲೆ

ಉತ್ತರ: ಮೊದಲು ಅವರಿಗೆ ಹಾಲು ಕೊಡಿ. ನುಂಗಲು ತೊಂದರೆ ಇಲ್ಲ ಅಂದ್ರೆ ಮುದ್ದೆಯನ್ನೂ ಕೊಡಿ. ಮಲಗಿದಲ್ಲೇ ಇರುವವರ ಮೂಳೆ ಹೇಗೂ ಸವೆಯುತ್ತಿರುತ್ತೆ, ಅದರ ಮೇಲೆ ಹಾಲು, ರಾಗಿಯನ್ನೂ ಕಿತ್ತುಕೊಳ್ಳುವುದು ಬೇಡ.

ಬೋರ್‌ವೆಲ್ ನೀರು ಕಾದಾಗ ಗೀಸರ್ ಕಾಯಿಲ್ ಮೇಲೆ ಉಪ್ಪು ಕಟ್ಟುತ್ತಲ್ವಾ, ನೋಡೋಕೆ ಇದೂ ಹಾಗೇ ಕಾಣುತ್ತೆ. ಆದರೆ ಪೈಪಿನಲ್ಲಿ ಕಟ್ಟಿಸುವುದು ಬ್ಯಾಕ್ಟೀರಿಯಾ. ಸಾಮಾನ್ಯವಾಗಿ ಸಿಗುವುದು ಪ್ರೋಟಿಯಸ್ ಮಿರಾಬಿಲಿಸ್. ಅದರ ಹತ್ತಿರ ಯೂರಿಯೇಸ್ ಅನ್ನುವ ಕಿಣ್ವ ಇದೆ. ನಮ್ಮೆಲ್ಲರ ಮೂತ್ರದಲ್ಲೂ ಯೂರಿಯಾ ಇರುತ್ತೆ, ಈ ಕಿಣ್ವ ಅದನ್ನು ಒಡೆದು ಅಮೋನಿಯಾ ಮಾಡುತ್ತೆ. ನೀವು ಹೇಳಿದ ನಾತ ಬಹುಶಃ ಅದೇ. ದನದ ಕೊಟ್ಟಿಗೆಯನ್ನು ಒಂದು ದಿನ ತೊಳೆಯದೆ ಬಿಟ್ಟರೆ ಮೂಗಿಗೆ ಹೊಡೆಯುವ ಘಾಟೂ ಇದೇ ಕೆಲಸದಿಂದ ಬರುವುದು.

ಮೂತ್ರದ ಪಿಎಚ್ ಸಾಮಾನ್ಯವಾಗಿ 6ರ ಆಸುಪಾಸು, ಅಂದರೆ ಸ್ವಲ್ಪ ಹುಳಿ. ಆ ಹುಳಿ ಇರುವ ತನಕ ಕ್ಯಾಲ್ಸಿಯಂ, ಮೆಗ್ನೀಸಿಯಂ, ಫಾಸ್ಫೇಟ್ ಎಲ್ಲಾ ಕರಗಿಕೊಂಡೇ ಇರುತ್ತವೆ. ಅಮೋನಿಯಾ ಬಂದು ಪಿಎಚ್ 7.5, 8ಕ್ಕೆ ಏರಿತು ಅಂದ್ರೆ ಕರಗಿದ್ದೆಲ್ಲ ಹರಳಾಗಿ ಕೂರುತ್ತೆ. ಒಂದು ಕ್ಯಾಲ್ಸಿಯಂ ಫಾಸ್ಫೇಟ್, ಇನ್ನೊಂದು ಮೆಗ್ನೀಸಿಯಂ, ಅಮೋನಿಯಾ, ಫಾಸ್ಫೇಟ್ ಸೇರಿದ ಸ್ಟ್ರುವೈಟ್. ತಿಂದ ಕ್ಯಾಲ್ಸಿಯಂ ಇದಕ್ಕೆ ಕಾರಣ ಅಲ್ಲ, ಆರೋಗ್ಯವಂತರ ಮೂತ್ರದಲ್ಲಿ ಇರುವಷ್ಟೇ ಸಾಕು. ಇದೇ ಗುಣವನ್ನು ಒಳ್ಳೆಯದಕ್ಕೂ ಬಳಸಬಹುದು: ಬೆಂಗಳೂರಿನ ಐಐಎಸ್‌ಸಿ ಮತ್ತು ಇಸ್ರೋದವರು 2020ರಲ್ಲಿ ಚಂದ್ರನ ಮಣ್ಣಿನಂಥ ಪುಡಿಗೆ ಯೂರಿಯಾ, ಗೋರಿಕಾಯಿ ಬೀಜದ ಅಂಟು ಮತ್ತು ಯೂರಿಯೇಸ್ ಇರುವ ಇನ್ನೊಂದು ಬ್ಯಾಕ್ಟೀರಿಯಾ ಸೇರಿಸಿ ಇಟ್ಟಿಗೆ ಮಾಡಿದರು. ಅಲ್ಲಿ ಮಣ್ಣನ್ನು ಕಚ್ಚಿ ಹಿಡಿದದ್ದು ಕ್ಯಾಲ್ಸಿಯಂ ಕಾರ್ಬೊನೇಟ್.

ಮುಂದಿನ ಸಲ ತೆಗೆದ ಪೈಪಿನ ತುದಿಯನ್ನು ಕೈಗವಸು ಹಾಕಿಕೊಂಡು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿ. ಕಣ್ಣಿನಂಥ ಆ ತೂತಿನ ಸುತ್ತ ಲೋಳೆ, ಲೋಳೆಯೊಳಗೆ ಮರಳಿನಂಥ ಹರಳು. ಆ ಲೋಳೆಯೇ ಬ್ಯಾಕ್ಟೀರಿಯಾದ ಮನೆ. ಪೂರ್ತಿ ಗಾರೆ ಮೆತ್ತಿಕೊಂಡ ಮನೆಯೊಳಗೆ ಕೂತವಕ್ಕೆ ಆ್ಯಂಟಿಬಯಾಟಿಕ್ ಸರಿಯಾಗಿ ತಲುಪಲ್ಲ. ಅದಕ್ಕೇ ಮಾತ್ರೆ ತಗೊಂಡಾಗ ಕಡಿಮೆ ಆಯ್ತು ಅನ್ನಿಸಿ, ಆಮೇಲೆ ಮತ್ತೆ ಅದೇ ಕಥೆ. ಜ್ವರ, ಚಳಿ ಇಲ್ಲದಿದ್ದರೂ ಸುಮ್ನೆ ಕೋರ್ಸ್ ಮೇಲೆ ಕೋರ್ಸ್ ನುಂಗಿಸಬೇಡಿ, ಕೊನೆಗೆ ನಿಜವಾಗಿ ಬೇಕಾದಾಗ ಔಷಧಿ ನಾಟುವುದಿಲ್ಲ.

ನಿಮ್ಮ ತಂದೆಗೆ ಈಗ ಬೇಕಾಗಿರುವುದು ಹೊಟ್ಟೆಯ ಸ್ಕ್ಯಾನ್, ಮೂತ್ರಕೋಶ ಮತ್ತು ಎರಡೂ ಕಿಡ್ನಿ ಸೇರಿಸಿ. ಹತ್ತು ದಿನಕ್ಕೇ ಕಟ್ಟುತ್ತೆ ಅಂದ್ರೆ ಮೂತ್ರಕೋಶದಲ್ಲಿ ಕಲ್ಲು ಕೂತಿರಬಹುದು ಅಂತ ನನಗೆ ಅನುಮಾನ. ಪೈಪ್ ಎಳೆಯುವಾಗ, ಅದನ್ನು ಮೂತ್ರಕೋಶದೊಳಗೆ ಜಾರದಂತೆ ಹಿಡಿದಿಡುವ ಪುಟ್ಟ ಬಲೂನಿನ ಮೇಲಿನ ಹಕ್ಕಳೆ ಉದುರಿ ಒಳಗೇ ಉಳಿಯುತ್ತೆ, ಅದೇ ಕಲ್ಲಿಗೆ ಬೀಜ. ಕಲ್ಲಿನ ಒಳಗೂ ಬ್ಯಾಕ್ಟೀರಿಯಾ ಇರುತ್ತೆ, ಹಾಗಾಗಿ ಕಲ್ಲು ಇರುವ ತನಕ ಪ್ರತಿ ಹೊಸ ಪೈಪಿಗೂ ಅದು ಅಂಟುತ್ತಲೇ ಇರುತ್ತೆ. ಕಲ್ಲು ಸಿಕ್ಕಿದರೆ ಚೂರೂ ಉಳಿಸದೆ ತೆಗೆಸಬೇಕು. ಬಾಳೆದಿಂಡಿನ ರಸ ಈ ಕಲ್ಲನ್ನು ಕರಗಿಸಲ್ಲ, ಅದನ್ನು ನಂಬಿ ಕಾಯಬೇಡಿ.

ಕಲ್ಚರ್, ಅಂದರೆ ಯಾವ ಬ್ಯಾಕ್ಟೀರಿಯಾ ಇದೆ ಅಂತ ನೋಡುವ ಮೂತ್ರ ಪರೀಕ್ಷೆ, ಮಾಡಿಸುವಾಗ ಹೊಸ ಪೈಪ್ ಹಾಕಿದ ಮೇಲೆ ಬರುವ ಮೂತ್ರವನ್ನೇ ಕೊಡಿ, ಬ್ಯಾಗಿನದ್ದು ಬೇಡ. ಲ್ಯಾಟೆಕ್ಸ್ ಪೈಪ್ ಇದ್ದರೆ ಸಿಲಿಕೋನ್‌ಗೆ ಬದಲಿಸಿ ಅಂತ ಕೇಳಿ. ಸುಣ್ಣ ಅದರಲ್ಲೂ ಕಟ್ಟುತ್ತೆ, ಆದರೆ ಒಳಗಿನ ದಾರಿ ಅಗಲ ಇರೋದ್ರಿಂದ ತಡವಾಗಿ ಮುಚ್ಚುತ್ತೆ. ಎಂಟನೇ ದಿನಕ್ಕೇ ಬದಲಿಸುವ ಏರ್ಪಾಡು ಮಾಡಿಕೊಳ್ಳಿ, ಕಟ್ಟುವ ತನಕ ಯಾಕೆ ಕಾಯಬೇಕು?

ನೀರು ಜಾಸ್ತಿ ಕುಡಿಸಿ, ಅದಕ್ಕೆ ನಿಂಬೆಹಣ್ಣು ಹಿಂಡಿ. ನಿಂಬೆ ಮೂತ್ರವನ್ನು ಹುಳಿ ಮಾಡುತ್ತೆ ಅಂತ ಅಲ್ಲ, ಅದರ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತೆ, ಬೇಗ ಹರಳಾಗಲು ಬಿಡಲ್ಲ. ಹೃದಯ ಅಥವಾ ಕಿಡ್ನಿ ತೊಂದರೆ ಇದ್ದರೆ ಎಷ್ಟು ನೀರು ಅನ್ನುವುದನ್ನು ಡಾಕ್ಟರ ಹತ್ತಿರ ಕೇಳಿ. ಅಡುಗೆ ಸೋಡಾ ಮಾತ್ರ ಬೇಡವೇ ಬೇಡ, ಅದು ಪಿಎಚ್ ಇನ್ನೂ ಏರಿಸುತ್ತೆ.

ಇನ್ನೊಂದು, ರಾತ್ರಿ ಎರಡು ಗಂಟೆಗಾದರೂ ಸರಿ: ಬ್ಯಾಗಿಗೆ ಮೂತ್ರ ಬರುತ್ತಿಲ್ಲ, ಕೆಳಹೊಟ್ಟೆ ಗಟ್ಟಿ ಊದಿದೆ, ಇಲ್ಲವೇ ಚಳಿ ಜ್ವರ ಬಂದು ಮಂಕಾಗಿದ್ದಾರೆ ಅಂದ್ರೆ ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಿಂತ ಮೂತ್ರ ಕಿಡ್ನಿಗೆ ವಾಪಸ್ ಏರುತ್ತೆ, ಸೋಂಕು ಅಲ್ಲಿಂದ ರಕ್ತಕ್ಕೆ ಹೋಗುತ್ತೆ. ಮನೆಯಲ್ಲಿ ಸಿರಿಂಜಿನಿಂದ ನೀರು ಒತ್ತಿ ತಳ್ಳೋಕೆ ಹೋಗಬೇಡಿ.