ಥ್ಯಾಂಕ್ಸ್‌ಗಿವಿಂಗ್ ಸ್ಟಫಿಂಗ್: ರವೆ ಹುರಿಯೋದು ಮರೀಬೇಡಿ

ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಅಮೆರಿಕಕ್ಕೆ ಬಂದು ಎರಡನೇ ವರ್ಷ, ಆಫೀಸಿನವರು ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಕರೆದು "ಸ್ಟಫಿಂಗ್ ನೀವು ತಂದುಬಿಡಿ" ಅಂದಿದ್ದಾರೆ. ಬ್ರೆಡ್ ತುಣುಕಿಗೆ ಬೆಣ್ಣೆ, ಸೊಪ್ಪು ಸೇರಿಸಿ ಬೇಯಿಸಿ, ಟರ್ಕಿ ಹಕ್ಕಿಯ ಮಾಂಸದ ಜೊತೆ ಬಡಿಸುವ ಪದಾರ್ಥ ಅದು. ಹತ್ತು ಜನಕ್ಕೆ ಆಗಬೇಕು. ನೀವು ಸಸ್ಯಾಹಾರಿ, ಆದರೆ ಮೊಟ್ಟೆ ಪರವಾಗಿಲ್ಲ. ಪ್ಯಾಕೆಟ್ಟಿನದು ಬೇಡ. ವಿಡಿಯೋಗಳಲ್ಲಿ ನೋಡಿದರೆ ನಮ್ಮ ಬ್ರೆಡ್ ಉಪ್ಪಿಟ್ಟಿನ ಹಾಗೇ ಕಾಣುತ್ತದೆ, ಹಾಗೇ ಮಾಡಿ ಓವನ್ನಿಗೆ ಇಟ್ಟರೆ ಸಾಕಾ, ಸ್ವಲ್ಪ ಖಾರ ಹಾಕಬಹುದಾ, ಹಿಂದಿನ ದಿನವೇ ಮಾಡಿಡಬಹುದಾ ಅಂತ ಕೇಳಿದ್ದೀರಿ.

ಹನ್ನೊಂದು ವರ್ಷದ ಹಿಂದೆ ನಾನೂ ಬ್ರೆಡ್ ಉಪ್ಪಿಟ್ಟೇ ಅಂದುಕೊಂಡಿದ್ದೆ. ಒಹಾಯೊಗೆ ಬಂದ ಹೊಸತು. ಅಂಗಡಿಯಿಂದ ಮೆತ್ತನೆಯ ಸ್ಯಾಂಡ್‌ವಿಚ್ ಬ್ರೆಡ್ ತಂದು, ಕೈಯಲ್ಲೇ ಚೂರು ಮಾಡಿ, ಬೆಣ್ಣೆಯಲ್ಲಿ ಈರುಳ್ಳಿ ಬಾಡಿಸಿ, ನಾಲ್ಕು ಕಪ್ ಬಿಸಿ ಸಾರು (ನಮ್ಮ ತಿಳಿಸಾರಲ್ಲ, ತರಕಾರಿ ಕುದಿಸಿ ಸೋಸಿದ ಬ್ರಾತ್) ಒಂದೇ ಸಲ ಸುರಿದು ಓವನ್ನಿಗೆ ತಳ್ಳಿದೆ. ಹೊರಗೆ ತೆಗೆದಾಗ ಮೇಲುಗಡೆ ಕೆಂಪಗೆ, ನೋಡೋಕೆ ಲಕ್ಷಣವಾಗಿತ್ತು. ಅವರ ಮನೆಗೆ ಹೋಗಿ ಬಡಿಸೋ ಚಮಚ ಇಳಿಸಿದ ಮೇಲೆ ಗೊತ್ತಾಯಿತು, ಒಳಗೆ ಪೂರಾ ಅಂಟು. ಚಮಚ ಎತ್ತಿದರೆ ಟ್ರೇಯೇ ಜೊತೆಗೆ ಬರುವ ಹಾಗಿತ್ತು. ಪಾಪ, ಎಲ್ಲರೂ ಒಂದೊಂದು ಚಮಚ ಹಾಕಿಸಿಕೊಂಡು "ಇಂಟರೆಸ್ಟಿಂಗ್" ಅಂದರು. ವಾಪಸ್ ಬರುವಾಗ ಕಾರಿನಲ್ಲಿ ನಮ್ಮ ಯಜಮಾನರು, "ಇದನ್ನ ಬಕೆಟ್ಟಿಗೆ ಹಾಕಿಕೊಂಡು ಹೋದ್ರೆ ಗಾಂಧಿನಗರದಲ್ಲಿ ನಾಲ್ಕು ಸಿನಿಮಾ ಪೋಸ್ಟರ್ ಅಂಟಿಸಬಹುದಿತ್ತು" ಅಂದರು. ಆ ಮಾತಿಗೆ ನಾನು ಇನ್ನೂ ಅವರನ್ನು ಕ್ಷಮಿಸಿಲ್ಲ.

ತಪ್ಪು ಎಲ್ಲಾಯಿತು ಅಂತ ಹೇಳಿಕೊಟ್ಟಿದ್ದು ಪಕ್ಕದ ಮನೆಯ ಅಜ್ಜಿ. ಮುಂದಿನ ವರ್ಷ ಹಬ್ಬದ ಹಿಂದಿನ ದಿನ ನನ್ನನ್ನು ಅವರ ಅಡುಗೆಮನೆಗೆ ಕರೆದರು. ಓವನ್ನಿನಲ್ಲಿ ಎರಡು ಟ್ರೇ ತುಂಬ ಬ್ರೆಡ್ ತುಣುಕು ಒಣಗುತ್ತಿತ್ತು. ಒಂದು ತುಣುಕು ನನ್ನ ಕೈಗೆ ಕೊಟ್ಟು ಮುರಿ ಅಂದರು. ಹೊರಗೆ ಗಟ್ಟಿ, ಆದರೆ ನಡುವೆ ಬಾಗಿತು, ಮುರಿಯಲಿಲ್ಲ. ಅಜ್ಜಿ ತಲೆಯಾಡಿಸಿ ಟ್ರೇಯನ್ನು ಮತ್ತೆ ಒಳಗಿಟ್ಟರು. ಇಪ್ಪತ್ತು ನಿಮಿಷದ ಮೇಲೆ ಇನ್ನೊಂದು ಕೊಟ್ಟರು. ಈ ಸಲ ಟಕ್ ಅಂತ ಎರಡಾಯಿತು, ಅಯ್ಯಂಗಾರ್ ಬೇಕರಿ ರಸ್ಕ್ ಮುರಿದ ಹಾಗೆ, ಅಂಗೈಯಲ್ಲಿ ಪುಡಿ ಉದುರಿತು. ಅಷ್ಟು ಒಣಗಬೇಕು.

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಹಸಿ ರವೆಗೆ ನೀರು ಹಾಕಿದರೆ ಉಪ್ಪಿಟ್ಟು ಏನಾಗುತ್ತೆ ಅಂತ ನಿಮಗೆ ಗೊತ್ತು. ಇಲ್ಲಿ ಬ್ರೆಡ್ಡೇ ರವೆ. ಅದನ್ನು ಒಣಗಿಸುವ ಕೆಲಸ ತಪ್ಪಿಸಿದರೆ ಮುಂದೆ ಏನೇ ಸರ್ಕಸ್ ಮಾಡಿದರೂ ಮುದ್ದೆಯೇ ಗತಿ. ಬ್ರೆಡ್ ಉಪ್ಪಿಟ್ಟಿಗೆ ಬರೀ ನೀರು ಚಿಮುಕಿಸುತ್ತೇವೆ, ಅದಕ್ಕೇ ಮೆತ್ತನೆ ಬ್ರೆಡ್ ನಡೆಯುತ್ತದೆ. ಸ್ಟಫಿಂಗ್‌ನಲ್ಲಿ ಬ್ರೆಡ್ಡು ಮೂರು ಕಪ್ಪಿಗೂ ಹೆಚ್ಚು ಸಾರು ಕುಡಿದು, ಆದರೂ ತುಣುಕು ತುಣುಕಾಗಿ ನಿಲ್ಲಬೇಕು.

"ಎರಡು ದಿನದ ಹಳೇ ಬ್ರೆಡ್ ಹಾಕಿ" ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಅದು ಅರ್ಧ ಸತ್ಯ. ಬ್ರೆಡ್ ಹಳತಾಗಿ ಗಟ್ಟಿಯಾಗುವುದು ನೀರು ಹೋಗಿದ್ದಕ್ಕಲ್ಲ, ಬಹುಪಾಲು ಅದರ ಪಿಷ್ಟ ಮತ್ತೆ ಹರಳುಗಟ್ಟುವುದಕ್ಕೆ. ಫ್ರಿಜ್ಜಿನಲ್ಲಿಟ್ಟ ತಂಗಳನ್ನ ಗಟ್ಟಿಯಾಗುತ್ತದಲ್ಲ, ಹಬೆಯಲ್ಲಿಟ್ಟರೆ ಮತ್ತೆ ಮೆತ್ತಗಾಗುತ್ತದಲ್ಲ, ಅದೇ ಕಥೆ. ನೀರು ಒಳಗೇ ಕೂತಿರುತ್ತದೆ, ಸಾರಿಗೆ ಜಾಗ ಕಡಿಮೆ. ಓವನ್ನಿನಲ್ಲಿ ಒಣಗಿಸಿದರೆ ನೀರು ನಿಜವಾಗಿ ಹೊರಗೆ ಹೋಗುತ್ತದೆ. ಹಾಗಾಗಿ ಅವತ್ತೇ ತಂದ ಹೊಸ ಬ್ರೆಡ್ಡಾದರೂ ಚಿಂತೆಯಿಲ್ಲ.

ಈಗ ಅಳತೆಗೆ ಬರೋಣ. ಇಲ್ಲೆಲ್ಲ ಸಿಗುವ 9 ಇಂಚು 13 ಇಂಚಿನ ಟ್ರೇ ಒಂದು ಹತ್ತು ಜನಕ್ಕೆ ಧಾರಾಳ, ಯಾಕೆಂದರೆ ತಟ್ಟೆಯಲ್ಲಿ ಇನ್ನೂ ಆರೇಳು ಬಗೆ ಇರುತ್ತವೆ. ಅದಕ್ಕೆ ಒಂದೂವರೆ ಪೌಂಡ್, ಅಂದರೆ ಸುಮಾರು 680 ಗ್ರಾಂ ಬ್ರೆಡ್. ಸೂಪರ್‌ಮಾರ್ಕೆಟ್ ಬೇಕರಿಯಲ್ಲಿ ಸಿಗುವ ಇಟಾಲಿಯನ್ ಅಥವಾ ಫ್ರೆಂಚ್ ಬಿಳಿ ಲೋಫ್ ಸಾಕು. ಸಾರ್‌ಡೋ ಹಾಕಿದರೆ ಸ್ವಲ್ಪ ಹುಳಿ ಬರುತ್ತದೆ, ನನಗೆ ಇಷ್ಟ, ನಮ್ಮ ಮಕ್ಕಳಿಗಿಲ್ಲ. ಸಿಹಿ ಇರುವ ಬ್ರೆಡ್ ಮಾತ್ರ ಬೇಡ. ಮುಕ್ಕಾಲು ಇಂಚಿನ ಚೌಕ ತುಣುಕು ಮಾಡಿ, ಅಂಚು ಕತ್ತರಿಸಿ ಬಿಸಾಡಬೇಡಿ. ಎರಡು ಟ್ರೇಯಲ್ಲಿ ತೆಳುವಾಗಿ ಹರವಿ 250 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಒಂದು ಗಂಟೆ, ನಡುವೆ ಒಂದೆರಡು ಸಲ ಕೈಯಾಡಿಸಿ. ಕೆಂಪಾಗುವುದು ಬೇಡ, ಒಣಗಿದರೆ ಸಾಕು. ಗಡಿಯಾರ ನೋಡುವುದಕ್ಕಿಂತ ಒಂದು ತುಣುಕು ಮುರಿದು ನೋಡಿ.

ತುಣುಕಿನ ಗಾತ್ರ ಅಂದರೆ ಉಡಾಫೆ ಮಾಡಬೇಡಿ. ನೀವು ಬೇಡ ಅಂದ ಪ್ಯಾಕೆಟ್ ಇದೆಯಲ್ಲ, ಸ್ಟೋವ್ ಟಾಪ್, ಅದು 1972ರಲ್ಲಿ ಅಂಗಡಿಗೆ ಬಂತು. ಜನರಲ್ ಫುಡ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ರೂತ್ ಸೀಮ್ಸ್ ಎಂಬಾಕೆ ಅದರ ಹಿಂದಿದ್ದವರು. 1975ರಲ್ಲಿ ಬಂದ ಪೇಟೆಂಟಿನ ತಿರುಳೇ ಒಣ ಬ್ರೆಡ್ ತುಣುಕು ಯಾವ ಗಾತ್ರದಲ್ಲಿದ್ದರೆ ಬಿಸಿನೀರು ಕುಡಿದೂ ಕರಗದೆ ನಿಲ್ಲುತ್ತದೆ ಅನ್ನುವುದು. ತೀರಾ ಸಣ್ಣದಾದರೆ ಹಿಟ್ಟಾಗುತ್ತದೆ, ದೊಡ್ಡದಾದರೆ ನಡುವೆ ಒಣಗಿಯೇ ಉಳಿಯುತ್ತದೆ.

ಬೆಣ್ಣೆ ಒಂದೂವರೆ ಸ್ಟಿಕ್, 170 ಗ್ರಾಂ. ಹೌದು, ಅಷ್ಟೂ ಬೇಕು. ವರ್ಷಕ್ಕೊಂದು ದಿನ. ಎರಡು ದೊಡ್ಡ ಈರುಳ್ಳಿ, ನಾಲ್ಕು ದಂಟು ಸೆಲರಿ ಹೆಚ್ಚಿ ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಬಾಡಿಸಿ. ಬಿರಿಯಾನಿಗೆ ಹುರಿದ ಹಾಗೆ ಕೆಂಪು ಮಾಡಬೇಡಿ, ಪಾರದರ್ಶಕ ಆದರೆ ಆಯಿತು. ಕೊನೆಗೆ ಮೂರು ಎಸಳು ಬೆಳ್ಳುಳ್ಳಿ. ಆಮೇಲೆ ಸೊಪ್ಪುಗಳು: ಹೆಚ್ಚಿದ ಸೇಜ್ ಎಲೆ ಎರಡು ದೊಡ್ಡ ಚಮಚ, ಥೈಮ್ ಒಂದು ದೊಡ್ಡ ಚಮಚ, ರೋಸ್‌ಮರಿ ಅದಕ್ಕಿಂತ ಕಡಿಮೆ, ಪಾರ್ಸ್ಲಿ ಒಂದು ಹಿಡಿ.

ಸೇಜ್ ನಮಗೆ ಹೊಸದು. ತುಳಸಿ, ದೊಡ್ಡಪತ್ರೆಯ ಕುಟುಂಬದ್ದೇ ಗಿಡ, ಎಲೆ ಬೂದು ಹಸಿರು, ಮುಟ್ಟಿದರೆ ವೆಲ್ವೆಟ್ ಥರ. ಅದರ ಎಣ್ಣೆಯಲ್ಲಿ ಕರ್ಪೂರದ ಅಂಶ ಇದೆ, ಹಸಿಯಾಗಿ ಮೂಸಿದರೆ "ಇದೇನು ವಿಕ್ಸ್ ಹಾಕಿದ್ದಾರಾ" ಅನ್ನಿಸಬಹುದು. ಹೆದರಬೇಡಿ, ಬೆಣ್ಣೆಯಲ್ಲಿ ಬಿದ್ದ ಅರ್ಧ ನಿಮಿಷಕ್ಕೆ ಘಾಟು ಹೋಗಿ ಪರಿಮಳ ಬರುತ್ತದೆ. ಅಮೆರಿಕದವರಿಗೆ ಆ ವಾಸನೆಯೇ ಈ ಹಬ್ಬ. ನಮಗೆ ಯುಗಾದಿ ದಿನ ಒಬ್ಬಟ್ಟಿನ ಹೂರಣ ಕುದಿಯುವಾಗ ಬರುತ್ತದಲ್ಲ, ಹಾಗೆ. ಸೇಜ್ ಬಿಟ್ಟು ಕೊತ್ತಂಬರಿ ಹಾಕಿದರೆ ರುಚಿ ಕೆಡುವುದಿಲ್ಲ, ಆದರೆ ಅದು ಸ್ಟಫಿಂಗ್ ಅಲ್ಲ. ಥೈಮ್ ಮಾತ್ರ ನಮಗೆ ಹೊಸತಲ್ಲ, ಅದರಲ್ಲಿರುವ ಥೈಮಾಲ್ ಓಮದಲ್ಲೂ ಇದೆ.

ತಾಜಾ ಸೊಪ್ಪು ಸಿಗದಿದ್ದರೆ "ಪೌಲ್ಟ್ರಿ ಸೀಸನಿಂಗ್" ಅಂತ ಸಣ್ಣ ಡಬ್ಬ ಬರುತ್ತದೆ. ಹೆಸರು ನೋಡಿ ನಾನು ಮೂರು ವರ್ಷ ಮುಟ್ಟಿರಲಿಲ್ಲ. ಅದರಲ್ಲಿ ಕೋಳಿ ಇಲ್ಲ, ಕೋಳಿಗೆ ಹಾಕುವ ಒಣಸೊಪ್ಪಿನ ಪುಡಿ ಅಷ್ಟೇ, ನಮ್ಮ ಮೀನು ಮಸಾಲೆ ಪುಡಿಯಲ್ಲಿ ಮೀನಿಲ್ಲದ ಹಾಗೆ. ಸೇಜ್, ಥೈಮ್, ಮೆಣಸು ಇತ್ಯಾದಿ. ಎರಡು ಟೀ ಚಮಚ ಸಾಕು. ಮೋಸ ಇರುವುದು ಬೇರೆ ಕಡೆ: ಒಣಗಿಸಿಟ್ಟ ಸ್ಟಫಿಂಗ್ ಮಿಕ್ಸ್ ಪ್ಯಾಕೆಟ್ಟುಗಳಲ್ಲಿ ಕೆಲವಕ್ಕೆ ಕೋಳಿ ಸಾರಿನ ಪುಡಿ ಸೇರಿಸಿರುತ್ತಾರೆ. ಹಿಂಬದಿ ಓದದೆ ತರಬೇಡಿ.

ಸಾರಿನ ವಿಷಯ ಇನ್ನೊಂದು. ಇಲ್ಲಿ ಎಲ್ಲರೂ ಕೋಳಿ ಅಥವಾ ಟರ್ಕಿ ಸಾರು ಹಾಕುತ್ತಾರೆ. ಡಬ್ಬದ ವೆಜಿಟಬಲ್ ಬ್ರಾತ್ ನನ್ನ ನಾಲಿಗೆಗೆ ಕ್ಯಾರೆಟ್ ತೊಳೆದ ನೀರು. ಮನೆಯಲ್ಲೇ ಮಾಡಿ, ಕಷ್ಟವಿಲ್ಲ. ಎರಡು ಈರುಳ್ಳಿ ಸಿಪ್ಪೆ ಸಮೇತ ಸೀಳಿ ಬಾಣಲೆಯಲ್ಲಿ ಕಪ್ಪಾಗುವವರೆಗೆ ಸುಟ್ಟು, ಒಂದು ಕ್ಯಾರೆಟ್, ಸೆಲರಿಯ ತುದಿ ಮತ್ತು ಎಲೆ, ಕಾಳುಮೆಣಸು, ಪಲಾವ್ ಎಲೆ, ನಾಲ್ಕೈದು ಒಣ ಶಿಟಾಕೆ ಅಣಬೆ ಹಾಕಿ ಏಳು ಕಪ್ ನೀರಲ್ಲಿ ಮುಕ್ಕಾಲು ಗಂಟೆ ಸಣ್ಣಗೆ ಕುದಿಸಿ ಸೋಸಿ. ಕೊನೆಗೆ ಒಂದು ಚಮಚ ಸೋಯಾ ಸಾಸ್. ಒಣ ಅಣಬೆ, ಸೋಯಾ ಎರಡೂ ಸೇರಿದಾಗ ಮಾಂಸದ ಸಾರಿನಲ್ಲಿರುವ ಆ ಗಟ್ಟಿತನ ಬರುತ್ತದೆ. ಅಣಬೆ ತಿನ್ನದವರಾದರೆ ಬಿಡಿ, ಸುಟ್ಟ ಈರುಳ್ಳಿಯೇ ಮುಕ್ಕಾಲು ಕೆಲಸ ಮಾಡುತ್ತದೆ. ಎಲೆಕೋಸಿನ ಜಾತಿಯ ಯಾವುದನ್ನೂ ಹಾಕಬೇಡಿ, ಕಹಿ ಮತ್ತು ಗಂಧಕದ ವಾಸನೆ.

ಸೇರಿಸುವಾಗ ಆತುರ ಬೇಡ. ದೊಡ್ಡ ಪಾತ್ರೆಯಲ್ಲಿ ಒಣ ಬ್ರೆಡ್, ಬೆಣ್ಣೆ ಸಮೇತ ಈರುಳ್ಳಿ ಸೆಲರಿ, ಎರಡು ಟೀ ಚಮಚ ಉಪ್ಪು (ಸಾರಿಗೆ ಉಪ್ಪು ಹಾಕಿದ್ದರೆ ಒಂದು), ಪುಡಿ ಮಾಡಿದ ಕಾಳುಮೆಣಸು. ಒಂದೂವರೆ ಕಪ್ ಸಾರು ಸುತ್ತಲೂ ಚೆಲ್ಲಿ ಕೈಯಲ್ಲೇ ಮೇಲೆ ಕೆಳಗೆ ಮಾಡಿ ಹತ್ತು ನಿಮಿಷ ಬಿಡಿ. ಈ ಹಂತದಲ್ಲಿ ರುಚಿ ನೋಡಿ, ಮೊಟ್ಟೆ ಹಾಕಿದ ಮೇಲೆ ನೋಡೋಕಾಗುವುದಿಲ್ಲ. ಆಮೇಲೆ ಇನ್ನೊಂದೂವರೆ ಕಪ್ ತಣ್ಣಗಿನ ಸಾರಿಗೆ ಎರಡು ಮೊಟ್ಟೆ ಒಡೆದು ಕಡೆದು ಸುರಿಯಿರಿ. ಬಿಸಿ ಸಾರಿಗೆ ಒಡೆದರೆ ಮೊಟ್ಟೆ ಎಳೆಎಳೆಯಾಗುತ್ತದೆ. ಒಂದು ಹಿಡಿ ಎತ್ತಿ ಮೆಲ್ಲಗೆ ಒತ್ತಿ ನೋಡಿ: ತೇವ ಇರಬೇಕು, ಬೆರಳ ಸಂದಿಯಿಂದ ಸಾರು ಇಳಿಯಬಾರದು. ಒಣ ಅನ್ನಿಸಿದರೆ ಅರ್ಧರ್ಧ ಕಪ್ ಸೇರಿಸಿ. ಮೊಟ್ಟೆ ತಿನ್ನದವರು ಬಂದರೆ ಸುಮ್ಮನೆ ಬಿಟ್ಟುಬಿಡಿ, ಸ್ವಲ್ಪ ಉದುರುದುರಾಗುತ್ತದೆ, ಅಷ್ಟೇ ವ್ಯತ್ಯಾಸ.

ಬೆಣ್ಣೆ ಸವರಿದ ಟ್ರೇಗೆ ತುಂಬಿ, ಒತ್ತಿ ಕೂರಿಸಬೇಡಿ. ಫಾಯಿಲ್ ಮುಚ್ಚಿ 350 ಡಿಗ್ರಿಯಲ್ಲಿ 35ರಿಂದ 40 ನಿಮಿಷ, ಫಾಯಿಲ್ ತೆಗೆದು ಮತ್ತೆ 20ರಿಂದ 25. ಮೇಲೆ ಗರಿಗರಿ, ಒಳಗೆ ಮೆತ್ತಗೆ. ಟ್ರೇಯ ನಾಲ್ಕು ಮೂಲೆಗಳಿಗೆ ಜಗಳ ನಡೆದರೆ ನೀವು ಗೆದ್ದಿರಿ ಅಂತ ಲೆಕ್ಕ.

ಒಂದು ವಿಷಯ ಕೇಳಿಲ್ಲವಾದರೂ ಹೇಳಿಬಿಡುತ್ತೇನೆ. ಸ್ಟಫಿಂಗ್ ಅಂದರೆ ತುಂಬುವುದು, ಮೂಲದಲ್ಲಿ ಟರ್ಕಿ ಹಕ್ಕಿಯ ಹೊಟ್ಟೆಗೆ ತುಂಬಿ ಬೇಯಿಸುತ್ತಿದ್ದದ್ದು. ಈಗ ಬಹಳ ಮನೆಗಳಲ್ಲಿ ಬೇರೆ ಟ್ರೇಯಲ್ಲೇ ಮಾಡುತ್ತಾರೆ, ಯಾಕೆಂದರೆ ಹಕ್ಕಿಯ ರಸ ಇಳಿದ ಬ್ರೆಡ್ಡಿನ ನಡುಭಾಗವೂ 165 ಡಿಗ್ರಿ ಮುಟ್ಟಬೇಕು, ಅಷ್ಟರೊಳಗೆ ಮಾಂಸ ಒಣಗಿರುತ್ತದೆ. ದಕ್ಷಿಣದ ರಾಜ್ಯಗಳವರು ಇದನ್ನು ಡ್ರೆಸ್ಸಿಂಗ್ ಅನ್ನುತ್ತಾರೆ, ಮೆಕ್ಕೆಜೋಳದ ಬ್ರೆಡ್ಡಿನಲ್ಲಿ ಮಾಡುತ್ತಾರೆ, ಪೆನ್ಸಿಲ್ವೇನಿಯಾದ ಕೆಲವರಿಗೆ ಇದು ಫಿಲ್ಲಿಂಗ್. ನಿಮಗೆ ಮುಖ್ಯವಾದದ್ದು ಇಷ್ಟು: ಕರೆದವರಿಗೆ ಮೊದಲೇ ಫೋನ್ ಮಾಡಿ "ನಾನು ಟ್ರೇಯಲ್ಲೇ ಬೇಯಿಸಿ ತರುತ್ತೇನೆ, ಸಸ್ಯಾಹಾರಿ" ಅಂತ ಹೇಳಿ. ಇಲ್ಲದಿದ್ದರೆ ಒಳ್ಳೇ ಮನಸ್ಸಿನಿಂದಲೇ ನಿಮ್ಮ ಬೋಗುಣಿಯನ್ನು ಇಸಕೊಂಡು ಹಕ್ಕಿಗೆ ತುಂಬಿಬಿಡುತ್ತಾರೆ. ನನಗೆ ಪರಿಚಯದ ಒಬ್ಬರಿಗೆ ಹಾಗೇ ಆಗಿದೆ. ಜೊತೆಗೆ ಬಡಿಸಲು ನಿಮ್ಮದೇ ಒಂದು ಚಮಚ ಒಯ್ಯಿರಿ, ಮಾಂಸದ ರಸದಲ್ಲಿ ಮಾಡಿದ ಗ್ರೇವಿಯ ಚಮಚ ಇದಕ್ಕೆ ಬೀಳದ ಹಾಗೆ.

ಖಾರ? ನನ್ನ ಅಭಿಪ್ರಾಯ, ಈ ಸಲ ಬೇಡ. ಖಾರ ತಿನ್ನೋಕೆ ಅವರಿಗೆ ಬರುವುದಿಲ್ಲ ಅಂತಲ್ಲ. ಇದೇ ತಟ್ಟೆಯಲ್ಲಿ ಸಿಹಿಹುಳಿ ಕ್ರ್ಯಾನ್‌ಬೆರಿ ಸಾಸ್, ಆಲೂಗಡ್ಡೆ, ಗ್ರೇವಿ ಎಲ್ಲ ಒಂದಕ್ಕೊಂದು ತಾಗಿಕೊಂಡು ಕೂರುತ್ತವೆ, ಅವಕ್ಕೆಲ್ಲ ಅನ್ನದ ಹಾಗೆ ಹೊಂದಿಕೊಳ್ಳೋದು ಸ್ಟಫಿಂಗ್. ಅನ್ನಕ್ಕೇ ಗರಂ ಮಸಾಲೆ ಹಾಕಿದರೆ ಸಾರು ಯಾವುದು ಮಾಡೋಣ? ನಮ್ಮ ಕನ್ನಡ ಗೆಳೆಯರ ಪಾಟ್‌ಲಕ್‌ಗೆ ಮಾತ್ರ ಹಸಿಮೆಣಸಿನಕಾಯಿ ಹಾಕುತ್ತೇನೆ, ಅಲ್ಲಿ ಹಾಕದಿದ್ದರೆ ಬೈಸಿಕೊಳ್ಳುತ್ತೇನೆ.

ಹಿಂದಿನ ದಿನ ಮಾಡುವ ಬಗ್ಗೆ: ನವೆಂಬರಿನ ನಾಲ್ಕನೇ ಗುರುವಾರ ಹಬ್ಬ, ಊಟ ಬಹಳ ಕಡೆ ಮಧ್ಯಾಹ್ನ ಎರಡು ಮೂರಕ್ಕೇ. ಮಂಗಳವಾರ ಬ್ರೆಡ್ ಒಣಗಿಸಿ ಚೀಲದಲ್ಲಿ ಕಟ್ಟಿಡಿ. ಬುಧವಾರ ಸಾರು ಮಾಡಿ, ಈರುಳ್ಳಿ ಸೆಲರಿ ಬಾಡಿಸಿ, ಫ್ರಿಜ್ಜಿನಲ್ಲಿ ಬೇರೆ ಬೇರೆ ಇಡಿ. ಗುರುವಾರ ಬೆಳಿಗ್ಗೆ ಬೆಣ್ಣೆ ಕರಗುವಷ್ಟು ಬಿಸಿ ಮಾಡಿಕೊಂಡು ಕಲೆಸಿ, ಮನೆಯಲ್ಲೇ ಪೂರ್ತಿ ಬೇಯಿಸಿ, ದಪ್ಪ ಟವೆಲ್ಲಿನಲ್ಲಿ ಸುತ್ತಿ ಒಯ್ಯಿರಿ. ಅವರ ಓವನ್ ಟರ್ಕಿಯಿಂದ ತುಂಬಿರುತ್ತದೆ, ಅದನ್ನು ನಂಬಿಕೊಂಡು ಹಸಿ ಟ್ರೇ ತಗೊಂಡು ಹೋಗಬೇಡಿ. ಟರ್ಕಿ ಹೊರಗೆ ತೆಗೆದ ಮೇಲೆ ಕತ್ತರಿಸುವ ಮುಂಚೆ ಅರ್ಧ ಗಂಟೆ ಸುಮ್ಮನೆ ಇಡುತ್ತಾರೆ, ಆಗ ಓವನ್ ಖಾಲಿ. ಅಲ್ಲಿ ನಿಮ್ಮ ಟ್ರೇಯನ್ನು ಹದಿನೈದು ನಿಮಿಷ ಬಿಸಿ ಮಾಡಿ, ಒಂದು ಚೂರು ಸಾರು ಚಿಮುಕಿಸಿ.

ಉಳಿದದ್ದನ್ನು ಊಟ ಮುಗಿದ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರು ನಾಲ್ಕು ದಿನ ಇರುತ್ತದೆ. ನಮ್ಮ ಮನೆಯಲ್ಲಿ ಶುಕ್ರವಾರ ಬೆಳಿಗ್ಗೆವರೆಗೂ ಇರುವುದಿಲ್ಲ ಅನ್ನಿ. ಎಣ್ಣೆಗೆ ಸಾಸಿವೆ, ಕಡಲೆಬೇಳೆ, ಹಸಿಮೆಣಸಿನಕಾಯಿ, ಕರಿಬೇವು ಸಿಡಿಸಿ, ಉಳಿದ ಸ್ಟಫಿಂಗ್ ಪುಡಿ ಮಾಡಿ ಹಾಕಿ ತಳ ಸ್ವಲ್ಪ ಕೆಂಪಾಗುವವರೆಗೆ ಬಿಟ್ಟು ನಿಂಬೆರಸ ಹಿಂಡಿದರೆ ತಿಂಡಿ ಆಯಿತು. ನೀವು ಕೇಳಿದ ಬ್ರೆಡ್ ಉಪ್ಪಿಟ್ಟು ಮಾಡೋದು ಅವತ್ತು.