ಪಾದ ಹೊರಕ್ಕೆ ವಾಲುವವರಿಗೆ ಯಾವ ಶೂ?

ಪ್ರಶ್ನೆ: ನಾನು 38 ವರ್ಷದ ಮಹಿಳೆ. ವಾರಕ್ಕೆ ಮೂರು ದಿನ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಓಡುತ್ತೇನೆ. ನನ್ನ ಶೂಗಳ ಅಟ್ಟೆ ಹಿಮ್ಮಡಿಯಿಂದ ಕಿರುಬೆರಳಿನವರೆಗೂ ಹೊರ ಅಂಚಿನಲ್ಲೇ ಸವೆಯುತ್ತದೆ. ಅಂಗಡಿಯವರ ಸಲಹೆಯಂತೆ ‘ಸ್ಟೆಬಿಲಿಟಿ’ ಶೂ ಕೊಂಡ ಮೇಲೆ ಪಾದದ ಹೊರಬದಿ ನೋಯತೊಡಗಿದೆ. ನಾನು ಯಾವ ಬಗೆಯ ಶೂ ಕೊಳ್ಳಬೇಕು?
– ಓದುಗರೊಬ್ಬರು, ಮೈಸೂರು

ಉತ್ತರ: ಓಡುವಾಗ ಸಾಮಾನ್ಯವಾಗಿ ಹಿಮ್ಮಡಿಯ ಹೊರಮೂಲೆ ಮೊದಲು ನೆಲಕ್ಕೆ ತಾಗಿ, ಬಳಿಕ ಪಾದ ತುಸು ಒಳಕ್ಕೆ ಹೊರಳುತ್ತದೆ. ಪ್ರೊನೇಶನ್ ಎಂದು ಕರೆಯುವ ಈ ಹೊರಳುವಿಕೆಯೇ ನೆಲದ ಹೊಡೆತವನ್ನು ಹಂಚಿ ತಗ್ಗಿಸುತ್ತದೆ. ಹಿಮ್ಮಡಿಯ ಮೂಲೆಯಷ್ಟೇ ಸವೆದಿದ್ದರೆ ಚಿಂತಿಸಬೇಕಾಗಿರಲಿಲ್ಲ. ಸವೆತ ಕಿರುಬೆರಳಿನವರೆಗೂ ಸಾಗಿರುವುದರಿಂದ, ನಿಮ್ಮ ಪಾದ ಸಾಕಷ್ಟು ಒಳಕ್ಕೆ ಹೊರಳದೆ ಹೊರ ಅಂಚಿನ ಮೇಲೆಯೇ ಭಾರ ಹೊರುತ್ತಿರುವಂತೆ ತೋರುತ್ತದೆ. ಇದು ಅಂಡರ್‌ಪ್ರೊನೇಶನ್. ಅಂಗಾಲಿನ ಕಮಾನು ಎತ್ತರವಾಗಿದ್ದು ಬಿಗಿಯಾಗಿರುವ ಪಾದಗಳಲ್ಲಿ ಇದು ಹೆಚ್ಚು ಕಾಣುತ್ತದೆ.

ಸ್ಟೆಬಿಲಿಟಿ ಶೂ ಇರುವುದು ಪಾದ ಅತಿಯಾಗಿ ಒಳಕ್ಕೆ ಹೊರಳುವವರಿಗಾಗಿ. ನಿಮ್ಮ ಶೂವಿನ ಅಟ್ಟೆಯ ಮೇಲಿನ ಫೋಮ್ ಪದರವಾದ ಮಿಡ್‌ಸೋಲನ್ನು ಎರಡೂ ಬದಿಗಳಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿ. ಇಂಥ ಹಲವು ಶೂಗಳಲ್ಲಿ ಒಳಬದಿಯ ಫೋಮ್ ಹೊರಬದಿಗಿಂತ ಗಟ್ಟಿಯಾಗಿರುತ್ತದೆ; ಅದು ಮೊದಲೇ ಹೊರಕ್ಕೆ ವಾಲುವ ಪಾದವನ್ನು ಇನ್ನಷ್ಟು ಹೊರಕ್ಕೆ ತಳ್ಳುತ್ತದೆ. ಆದ್ದರಿಂದ ಈ ಶೂವಿನಲ್ಲಿ ಓಡುವುದನ್ನು ದಯವಿಟ್ಟು ನಿಲ್ಲಿಸಿ.

ನಿಮಗೆ ಬೇಕಾಗಿರುವುದು ಒಳ್ಳೆಯ ಕುಷನ್ ಇರುವ, ಪಾದವನ್ನು ಯಾವ ಬದಿಗೂ ತಳ್ಳದ ‘ನ್ಯೂಟ್ರಲ್’ ಶೂ. ಏಸಿಕ್ಸ್ ಜೆಲ್-ನಿಂಬಸ್, ಬ್ರೂಕ್ಸ್ ಗ್ಲಿಸರಿನ್, ನ್ಯೂ ಬ್ಯಾಲೆನ್ಸ್ 1080 ಈ ಬಗೆಯವು. ಗ್ಲಿಸರಿನ್ ಹೆಸರಿನ ಜೊತೆಗೆ ಜಿಟಿಎಸ್ ಎಂದಿದ್ದರೆ ಅದು ಹೆಚ್ಚುವರಿ ಆಸರೆಯ ಬೇರೆ ಆವೃತ್ತಿ, ಅದನ್ನು ಬಿಡಿ. ಮೆತ್ತಗಿದ್ದಷ್ಟೂ ಒಳ್ಳೆಯದೆಂದು ಭಾವಿಸಬೇಡಿ: ತಳ ಕಿರಿದಾಗಿದ್ದು ಫೋಮ್ ಬಹಳ ಮೆತ್ತಗಿದ್ದರೆ ಪಾದ ಹೊರಕ್ಕೆ ಉಳುಕುವ ಸಾಧ್ಯತೆ ಇರುತ್ತದೆ, ಅದರಲ್ಲೂ ಕೆರೆಯ ಏರಿಯಂಥ ಮಣ್ಣಿನ ದಾರಿಯಲ್ಲಿ.

ಮಹಿಳೆಯರ ಶೂಗಳು ಸಾಮಾನ್ಯವಾಗಿ ಪುರುಷರ ಶೂಗಳಿಗಿಂತ ಕಿರಿದಾಗಿರುತ್ತವೆ. ಅಮೆರಿಕದ ಅಳತೆಯಲ್ಲಿ ಮಹಿಳೆಯರ ಸಾಮಾನ್ಯ ಅಗಲ ಬಿ, ಅಗಲವಾದದ್ದು ಡಿ. ಪುರುಷರಿಗೆ ಡಿ ಎಂಬುದೇ ಸಾಮಾನ್ಯ. ಕಿರುಬೆರಳು ಒತ್ತುತ್ತಿದ್ದರೆ ಉದ್ದ ಹೆಚ್ಚಿಸುವ ಬದಲು ಡಿ ಅಗಲವನ್ನು ಕೇಳಿ. ಎತ್ತರದ ಕಮಾನಿನವರಿಗೆ ಲೇಸ್ ಪಾದದ ಮೇಲ್ಭಾಗವನ್ನು ಬಿಗಿಯುವುದುಂಟು; ಆ ಜಾಗದಲ್ಲಿ ಒಂದು ಜೊತೆ ರಂಧ್ರ ಬಿಟ್ಟು ಕಟ್ಟಿದರೆ ಸರಿಹೋಗುತ್ತದೆ. ಸಂಜೆ, ಪಾದ ತುಸು ಊದಿಕೊಂಡಿರುವಾಗ, ಓಡುವ ಕಾಲುಚೀಲವನ್ನೇ ಹಾಕಿಕೊಂಡು ಶೂ ನೋಡಿ.

ಒದ್ದೆ ಪಾದದ ಗುರುತಿನಿಂದ ಕಮಾನಿನ ಆಕಾರ ನೋಡಿ ಶೂ ಆರಿಸುವ ವಾಡಿಕೆಯನ್ನು ನಾನು ಹೆಚ್ಚು ನಂಬುವುದಿಲ್ಲ. ಅಮೆರಿಕದ ಸೇನಾ ತರಬೇತಿಯಲ್ಲಿ ಕಮಾನಿನ ಆಕಾರಕ್ಕೆ ತಕ್ಕ ಶೂ ಕೊಟ್ಟು ಪರೀಕ್ಷಿಸಿದಾಗ ಗಾಯಗಳು ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಆದ್ದರಿಂದ ಹಾಕಿಕೊಂಡು ಹತ್ತು ನಿಮಿಷ ಓಡಿದಾಗ ಹಿತವೆನಿಸುವ ಶೂವನ್ನೇ ಕೊಳ್ಳಿ.

ಒಂದು ಮಾತನ್ನು ಮಾತ್ರ ಕಡೆಗಣಿಸಬೇಡಿ. ಕಿರುಬೆರಳಿನ ಹಿಂದಿನ ಉದ್ದ ಮೂಳೆಯ ಮೇಲೆ ಒಂದೇ ಜಾಗದಲ್ಲಿ ಒತ್ತಿದಾಗ ಚುಚ್ಚುವಂತೆ ನೋಯುತ್ತಿದ್ದರೆ, ಮೂಳೆಯಲ್ಲಿ ಸಣ್ಣ ಬಿರುಕು ಉಂಟಾಗಿರಬಹುದು. ಹಾಗಿದ್ದಲ್ಲಿ ಹೊಸ ಶೂ ಕೊಳ್ಳುವುದನ್ನು ಮುಂದೂಡಿ, ಮೊದಲು ಮೂಳೆತಜ್ಞರನ್ನು ಕಾಣಿ. ಅಲ್ಲಿಯವರೆಗೆ ಓಟ ಬೇಡ.